ಯಾರೂ ಓಡಿಹೋಗದ ಕಥೆಗಳು

ಕಜುವೊ ಇಶಿಗುರೊ ಅವರ ‘ನೆವರ್ ಲೆಟ್ ಮಿ ಗೋ’ (2005) ಓದಿದ ಬಹಳಷ್ಟು ಮಂದಿ ಕೇಳುವುದು ಒಂದೇ ಪ್ರಶ್ನೆ: ಈ ಹುಡುಗರು ಯಾಕೆ ಓಡಿಹೋಗುವುದಿಲ್ಲ? ಅಂಗಾಂಗಗಳನ್ನು ಕೊಡಲೆಂದೇ ಸೃಷ್ಟಿಯಾದ ತದ್ರೂಪಿಗಳು ಅವರು. ದೊಡ್ಡವರಾದ ಮೇಲೆ ಕಾರು ಓಡಿಸುತ್ತಾರೆ, ಊರೂರು ಸುತ್ತುತ್ತಾರೆ. ಕಾವಲಿಗೆ ಯಾರೂ ಇಲ್ಲ. ಆದರೂ ಕರೆ ಬಂದಾಗ ಸುಮ್ಮನೆ ಹೋಗಿ ಆಸ್ಪತ್ರೆಯಲ್ಲಿ ಮಲಗುತ್ತಾರೆ. ಇದನ್ನು ಕಾದಂಬರಿಯ ದೋಷವೆನ್ನುವವರಿದ್ದಾರೆ. ಬ್ರಿಟನ್ನಿನ ವಿಜ್ಞಾನ ಕಾದಂಬರಿಯ ಜೀವಾಳವೇ ಈ ವಿಧೇಯತೆಯ ಶೋಧದಲ್ಲಿದೆ ಎಂಬುದು ನನ್ನ ನಂಬಿಕೆ.

ಈ ಜಾಡು ಹಳೆಯದು. 1895ರ ‘ದ ಟೈಮ್ ಮಷೀನ್’ನಲ್ಲಿ ಎಚ್. ಜಿ. ವೆಲ್ಸ್ ಯಂತ್ರ ಓಡುವ ಬಗೆಯನ್ನು ವಿವರಿಸುವ ಗೋಜಿಗೆ ಹೆಚ್ಚು ಹೋಗಲಿಲ್ಲ. ತಮ್ಮ ಕಾಲದ ಸಿರಿವಂತರನ್ನೂ ದುಡಿಯುವವರನ್ನೂ ಎಂಟು ಲಕ್ಷ ವರ್ಷ ಮುಂದಕ್ಕೊಯ್ದು, ನೆಲದ ಮೇಲಿನ ಇಲಾಯ್, ನೆಲದಡಿಯ ಮಾರ್ಲಾಕ್ ಎಂದು ತೋರಿಸಿದರು. ಹಕ್ಸ್‌ಲಿಯ ‘ಬ್ರೇವ್ ನ್ಯೂ ವರ್ಲ್ಡ್’ (1932), ಆರ್ವೆಲ್‌ರ ‘ನೈನ್‌ಟೀನ್ ಎಯ್ಟಿ-ಫೋರ್’ (1949) ಇದೇ ಜಾಡಿನವು.

ಎಡಿನ್‌ಬರೋ ಬಳಿ ಡಾಲಿ ಎಂಬ ತದ್ರೂಪಿ ಕುರಿ ಹುಟ್ಟಿದ್ದು 1996ರಲ್ಲಿ. ಇಶಿಗುರೊ ಕಥೆಯೂ ತೊಂಬತ್ತರ ದಶಕದ ಕೊನೆಯ ಇಂಗ್ಲೆಂಡಿನದೇ. ಆದರೆ ಪ್ರಯೋಗಾಲಯದ ಬಾಗಿಲನ್ನು ಅವರು ತೆರೆಯುವುದೇ ಇಲ್ಲ. ಬದಲಿಗೆ ಶಾಲೆಯ ಒಂದು ಕೋಣೆ. ಬಾಲಕಿ ಕ್ಯಾಥಿ ದಿಂಬನ್ನು ಮಗುವಿನಂತೆ ಅವುಚಿಕೊಂಡು, ಕ್ಯಾಸೆಟ್ಟಿನ ಹಾಡಿಗೆ ಕಣ್ಮುಚ್ಚಿ ತೂಗಾಡುತ್ತಿದ್ದಾಳೆ. ಬಾಗಿಲಲ್ಲಿ ನಿಂತ, ಮಕ್ಕಳೆಲ್ಲ ‘ಮೇಡಂ’ ಎನ್ನುವ ಮಹಿಳೆ ಬಿಕ್ಕುತ್ತಾರೆ. ತನ್ನೊಳಗಿನ ತಾಯ್ತನದ ಆಸೆ ಅವರಿಗೆ ತಿಳಿದುಹೋಯಿತೇನೋ ಎಂದು ಹುಡುಗಿಯ ಅನುಮಾನ. ವರ್ಷಗಳ ನಂತರ ಮೇಡಂ ಹೇಳುವುದೇ ಬೇರೆ: ಕ್ರೂರವಾದ ಹೊಸ ಲೋಕ ಬರುತ್ತಿರುವಾಗ, ಈ ಮಗು ಹಳೆಯ ಲೋಕವನ್ನು ಬಿಡಲಾರದೆ ಅಪ್ಪಿಕೊಂಡಂತೆ ಕಂಡಿತಂತೆ. ಆ ಕಣ್ಣೀರಿನಲ್ಲಿ ಸುಳ್ಳಿಲ್ಲ. ಆದರೆ ಎದುರಿಗಿದ್ದ ಹುಡುಗಿಗೆ ಅದರಲ್ಲಿ ಪಾಲಿಲ್ಲ. ಅವಳನ್ನು ಉಳಿಸಲು ಮೇಡಂ ಬಳಿ ಈಗ ಏನೂ ಇಲ್ಲ. ಕ್ಯಾಥಿ ಅದನ್ನೂ ಸೌಜನ್ಯದಿಂದಲೇ ಕೇಳಿಸಿಕೊಳ್ಳುತ್ತಾಳೆ. ಇಷ್ಟು ತಣ್ಣಗೆ ಎದೆ ಸೀಳುವ ಬರವಣಿಗೆ ಅಪರೂಪ.

ಇಯಾನ್ ಮೆಕ್‌ಇವನ್ ಅವರ ‘ಮಷೀನ್ಸ್ ಲೈಕ್ ಮಿ’ (2019) ಎಡವುವುದು ಈ ಸಂಯಮ ಇಲ್ಲದ ಕಡೆಯೇ. 1982ರ ಬ್ರಿಟನ್ ಫಾಕ್‌ಲೆಂಡ್ಸ್ ಯುದ್ಧ ಸೋತಿದೆ, ಗಣಿತಜ್ಞ ಅಲನ್ ಟ್ಯೂರಿಂಗ್ ಬದುಕಿದ್ದಾರೆ: ಕಲ್ಪನೆ ಸೊಗಸಾದದ್ದು. ಆದರೆ ಟ್ಯೂರಿಂಗ್ ಬಾಯಲ್ಲಿ ಉಪನ್ಯಾಸಗಳೇ ಹೆಚ್ಚಾಗಿ, ಆಡಂ ಎಂಬ ರೋಬೋ ಸುತ್ತಿಗೆಯ ಏಟಿಗೆ ಬೀಳುವ ಹೊತ್ತಿಗೆ ಓದುಗನ ಪಾಲಿಗೆ ತೀರ್ಪು ಮೊದಲೇ ಸಿದ್ಧವಾಗಿರುತ್ತದೆ.

ಕಾಲಿಯಾನ್ ಬ್ರ್ಯಾಡ್ಲಿ ಅವರ ‘ದ ಮಿನಿಸ್ಟ್ರಿ ಆಫ್ ಟೈಮ್’ (2024) ನನಗೆ ಮುಖ್ಯವೆನಿಸುವುದು ಬೇರೊಂದು ಕಾರಣಕ್ಕೆ. ಆರ್ಕ್‌ಟಿಕ್‌ನಲ್ಲಿ ಕಣ್ಮರೆಯಾದ ಫ್ರ್ಯಾಂಕ್ಲಿನ್ ಅನ್ವೇಷಣಾ ಯಾತ್ರೆಯ ನಿಜವಾದ ಅಧಿಕಾರಿ ಗ್ರಹಾಂ ಗೋರ್‌ನನ್ನು 1847ರಿಂದ ಇಂದಿನ ಲಂಡನ್ನಿಗೆ ಸರ್ಕಾರ ಎಳೆತರುತ್ತದೆ. ಅವನೊಡನೆ ಒಂದೇ ಮನೆಯಲ್ಲಿದ್ದು ವರದಿ ಒಪ್ಪಿಸುವ ಉದ್ಯೋಗಿಯೇ ನಿರೂಪಕಿ. ಕಾಂಬೋಡಿಯದಿಂದ ನಿರಾಶ್ರಿತಳಾಗಿ ಬಂದವಳ ಮಗಳು. ಪ್ರೇಮಕಥೆ, ಗೂಢಚರ್ಯೆ, ಕಚೇರಿಯ ಹಾಸ್ಯ ಎಲ್ಲವೂ ಇಲ್ಲಿ ಬೆರೆತಿವೆ. ಕೊನೆಯ ಭಾಗದಲ್ಲಿ ಬೆನ್ನಟ್ಟುವಿಕೆಯ ಗದ್ದಲ ಹೆಚ್ಚಾಗಿ ಹಿಡಿತ ಸಡಿಲುತ್ತದೆ, ನಿಜ. ಆದರೆ ಇಶಿಗುರೊ ಕಣ್ಣಿಗೆ ಬೀಳಿಸದೆ ಬಿಟ್ಟ ಸರ್ಕಾರಿ ಕುರ್ಚಿ ಇಲ್ಲಿ ನಿಚ್ಚಳವಾಗಿ ಕಾಣುತ್ತದೆ. ಅದರಲ್ಲಿ ಕೂತವಳು ದುಷ್ಟಳಲ್ಲ. ಒಳ್ಳೆಯದನ್ನೇ ಮಾಡುತ್ತಿದ್ದೇನೆಂದು ನಂಬಿ, ಪ್ರೀತಿಸುತ್ತಿರುವ ಗಂಡಸಿನ ಮೇಲೆಯೇ ವರದಿ ಬರೆಯುತ್ತಾಳೆ.