ಹುತ್ತ, ಏಡಿ, ಹೊಗೆ: ಹೆತ್ತವರ ರೋಗವನ್ನು ಮಕ್ಕಳು ಬರೆಯುವ ಬಗೆ

ತಾಳವಾಡಿಯ ರೈತನೊಬ್ಬ ಕೊಯಮತ್ತೂರಿನ ಆಸ್ಪತ್ರೆಗೆ ಹೋದರೆ ಅಲ್ಲಿ ಅವನಿಗೆ ಎದುರಾಗುವ ಪದ ‘ಪುಟ್ರುನೋಯ್’. ತಮಿಳಿನ ಪುಟ್ರು ಕನ್ನಡದ ಹುತ್ತಕ್ಕೆ ಒಡಹುಟ್ಟು. ಹಳಗನ್ನಡದ ಪುತ್ತು ಇವೆರಡನ್ನೂ ಬೆಸೆಯುತ್ತದೆ. ಒಳಗೊಳಗೇ ಮಣ್ಣು ತಿಂದು ಮೇಲಕ್ಕೇಳುವ ಹುತ್ತದಂತೆ ದೇಹದಲ್ಲಿ ಏಳುವ ರೋಗ ಎಂಬ ಕಲ್ಪನೆ ಆ ಪದದಲ್ಲಿದೆ. ಕಾಸರಗೋಡಿನವರಿಗೆ ಮಲಯಾಳ ಕೊಡುವ ಪದ ‘ಅರ್ಬುದಂ’. ಇದು ಸುಶ್ರುತನ ಕಾಲದಿಂದ ಗಡ್ಡೆಗೆ ಸಂದ ಹೆಸರು, ಜೊತೆಗೆ ಒಂದು ಬೃಹತ್ ಸಂಖ್ಯೆಯ ಹೆಸರೂ ಹೌದು. ಅಕ್ಕಲಕೋಟೆ, ಜತ್ತ, ಸೊಲ್ಲಾಪುರದವರಿಗೆ ಮರಾಠಿಯ ‘ಕರ್ಕರೋಗ’ ಇದೆ. ಗ್ರೀಕರ ಏಡಿ ಸಂಸ್ಕೃತದ ವೇಷ ತೊಟ್ಟು ಅಲ್ಲಿ ಬಂದು ಕೂತಿದೆ. ಆದೋನಿ, ರಾಯದುರ್ಗ, ಮಡಕಶಿರದ ಕಡೆ ತೆಲುಗಿನ ಹಳೆಯ ಮಾತು ‘ರಾಚಪುಂಡು’, ಅಂದರೆ ಅರಸು ಹುಣ್ಣು. ಒಂದೇ ಕನ್ನಡದ ಮನೆಮಾತಿನವರು ಗಡಿಯಾಚೆ ನಾಲ್ಕು ದಿಕ್ಕಿನಲ್ಲಿ ಒಂದೇ ರೋಗಕ್ಕೆ ನಾಲ್ಕು ರೂಪಕಗಳ ಕೆಳಗೆ ನರಳುತ್ತಾರೆ. ಮನೆಗೆ ಬಂದ ಮೇಲೆ ಮಾತ್ರ ಎಲ್ಲರೂ ‘ಆ ಕಾಯಿಲೆ’ ಎಂದು ಹೆಸರನ್ನೇ ನುಂಗಿಕೊಳ್ಳುತ್ತಾರೆ.

ರೋಗದ ರೂಪಕಗಳ ಬಗ್ಗೆ ಯೋಚಿಸುವವರು ಸೂಸಾನ್ ಸಾಂಟಾಗ್‌ರನ್ನು ಹಾದುಹೋಗದೆ ವಿಧಿಯಿಲ್ಲ. 1978ರಲ್ಲಿ ಬಂದ ‘ಇಲ್‌ನೆಸ್ ಆ್ಯಸ್ ಮೆಟಫರ್’ ಕೃತಿಯಲ್ಲಿ ಅವರು ಹತ್ತೊಂಬತ್ತನೆಯ ಶತಮಾನದ ಕ್ಷಯವನ್ನೂ ಇಪ್ಪತ್ತನೆಯ ಶತಮಾನದ ಕ್ಯಾನ್ಸರನ್ನೂ ಎದುರುಬದುರು ನಿಲ್ಲಿಸಿದರು. ಕ್ಷಯಕ್ಕೆ ಸೌಕುಮಾರ್ಯ, ಪ್ರತಿಭೆ, ಪ್ರೇಮದ ಪ್ರಭಾವಳಿ ಇತ್ತು. ಕ್ಯಾನ್ಸರಿಗೆ ಅದುಮಿಟ್ಟ ಭಾವನೆಗಳ ಫಲವೆಂಬ ಕಳಂಕ ಅಂಟಿತ್ತು. ರೋಗಿಯ ಸ್ವಭಾವದಲ್ಲಿ ರೋಗದ ಬೇರನ್ನು ಹುಡುಕುವ ಈ ಚಾಳಿ ರೋಗಿಯನ್ನು ಎರಡನೆಯ ಬಾರಿ ಶಿಕ್ಷಿಸುತ್ತದೆ ಎಂಬುದು ಅವರ ವಾದ. ಸ್ವತಃ 1975ರಲ್ಲಿ ಸ್ತನ ಕ್ಯಾನ್ಸರಿಗೆ ತುತ್ತಾಗಿದ್ದರೂ ಆ ಪುಸ್ತಕದಲ್ಲಿ ಅವರು ತಮ್ಮ ರೋಗದ ಸುದ್ದಿಯನ್ನೇ ಎತ್ತುವುದಿಲ್ಲ. ಐದರ ವಯಸ್ಸಿನಲ್ಲಿ ಅವರು ತಂದೆಯನ್ನು ಕಳೆದುಕೊಂಡದ್ದು ಕ್ಷಯದಿಂದ. ಆ ಸುದ್ದಿಯೂ ವಾದದ ಹೊರಗೆ ಉಳಿಯುತ್ತದೆ.

ಸಾಂಟಾಗ್ ಯುರೋಪಿನ ಆಧಾರಗಳನ್ನೇ ನೆಚ್ಚಿದ್ದರಿಂದ ಅವರ ಕಣ್ಣಿಗೆ ಬೀಳದೆ ಹೋದ ಸಂಗತಿಯೊಂದು ದಕ್ಷಿಣದ ಭಾಷೆಗಳಲ್ಲಿದೆ. ಇಲ್ಲಿ ಕ್ಷಯವೂ ರಾಜಯಕ್ಷ್ಮ, ತೆಲುಗಿನ ಕ್ಯಾನ್ಸರೂ ರಾಜಹುಣ್ಣು. ಅವರು ಬೇರ್ಪಡಿಸಿದ ಎರಡೂ ರೋಗಗಳಿಗೆ ಇಲ್ಲಿ ಒಂದೇ ಪಟ್ಟ. ರಾಜಯಕ್ಷ್ಮದ ಹುಟ್ಟಿನ ಕಥೆಯಂತೂ ಸಾಂಟಾಗ್ ಎದುರಿಸಿದ ನೈತಿಕ ಆರೋಪದ ಅತ್ಯಂತ ಹಳೆಯ ರೂಪಗಳಲ್ಲಿ ಒಂದು. ಇಪ್ಪತ್ತೇಳು ಮಂದಿ ಪತ್ನಿಯರಲ್ಲಿ ರೋಹಿಣಿಯೊಬ್ಬಳಲ್ಲೇ ಮುಳುಗಿದ ಚಂದ್ರನಿಗೆ ಮಾವ ದಕ್ಷ ಶಾಪ ಕೊಟ್ಟ, ಚಂದ್ರ ಕ್ಷಯಿಸಿದ. ಅತಿಯಾಗಿ ಬಯಸಿದವನು ಸವೆಯುತ್ತಾನೆ ಎಂಬ ತೀರ್ಪು ವೈದ್ಯಗ್ರಂಥದೊಳಗೇ ಕಥೆಯಾಗಿ ನಿಂತಿದೆ. ‘ಮಾಡಿದ್ದುಣ್ಣೋ ಮಹರಾಯ’ ಎನ್ನುವ ಗಾದೆಗೆ ಇಷ್ಟು ದೊಡ್ಡ ವಂಶಾವಳಿ ಇದೆ.

ಆದರೆ ಜೀವನವಿಡೀ ಬೀಡಿ-ಸಿಗರೇಟು ಸೇದಿದ ತಂದೆಗೋ ತಾಯಿಗೋ ರೋಗ ಬಂದಾಗ ಸಾಂಟಾಗ್‌ರ ವಾದ ತಟಸ್ಥವಾಗುತ್ತದೆ. 1950ರಲ್ಲಿ ರಿಚರ್ಡ್ ಡಾಲ್ ಮತ್ತು ಬ್ರ್ಯಾಡ್‌ಫರ್ಡ್ ಹಿಲ್ ಲಂಡನ್ನಿನ ಆಸ್ಪತ್ರೆಗಳ ರೋಗಿಗಳನ್ನು ಅಧ್ಯಯನ ಮಾಡಿ ತಂಬಾಕಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದ ಮೇಲೆ ಹೊಗೆಯನ್ನು ರೂಪಕವೆಂದು ತಳ್ಳಿಹಾಕುವಂತಿಲ್ಲ. ಇಲ್ಲಿ ಕಾರಣ ನಿಜವಾದದ್ದು. ಸಾಂಟಾಗ್ 1989ರ ‘ಏಡ್ಸ್ ಆ್ಯಂಡ್ ಇಟ್ಸ್ ಮೆಟಫರ್ಸ್’ನಲ್ಲಿ ಈ ತೊಡಕಿನ ಹತ್ತಿರ ಬಂದು, ಧೂಮಪಾನದಂಥ ಚಟದಿಂದ ಬಂದ ರೋಗವನ್ನು ಜನ ಮನಸ್ಸಿನ ದೌರ್ಬಲ್ಯವೆಂದು ಬಗೆಯುತ್ತಾರೆ, ಏಡ್ಸ್ ರೋಗಿಯ ಮೇಲೆ ಇನ್ನೂ ಕಠೋರವಾದ ತೀರ್ಪು ಹೊರಿಸುತ್ತಾರೆ ಎಂದು ಹೇಳಿ ಮುಂದೆ ಸಾಗುತ್ತಾರೆ. ಹಾಗೆ ಮುಂದೆ ಸಾಗಿದ್ದೇ ಕೊರತೆ. ಕಾರಣ ಬೇರೆ, ಅಪರಾಧ ಬೇರೆ ಎಂದು ವಾದಿಸುವುದು ಸುಲಭ. ಸೇದಿದವರೆಲ್ಲರಿಗೂ ಶ್ವಾಸಕೋಶದ ಕ್ಯಾನ್ಸರ್ ಬರುವುದಿಲ್ಲ, ಎಂದೂ ಸೇದದವರಿಗೂ ಬರುತ್ತದೆ ಎಂಬುದನ್ನೂ ವಾದಕ್ಕೆ ಸೇರಿಸಬಹುದು. ಕುಟುಂಬವೊಂದರ ಒಳಗೆ ಆ ವ್ಯತ್ಯಾಸವನ್ನು ಉಳಿಸಿಕೊಳ್ಳುವುದು ಕಷ್ಟ. ಸಂಭವನೀಯತೆಯ ಅಂಕಿ ಮನೆಯ ಹೊಸ್ತಿಲು ದಾಟಿದ ಕೂಡಲೇ ತೀರ್ಪಾಗುತ್ತದೆ. ‘ಎಷ್ಟು ಸಲ ಹೇಳಿದ್ದೆ’ ಎಂಬ ವಾಕ್ಯ ಮಕ್ಕಳ ನಾಲಗೆಯ ತುದಿಗೆ ಬಂದು ನಿಲ್ಲುತ್ತದೆ. ಅದನ್ನು ಆಡಿದರೂ ತಪ್ಪು, ನುಂಗಿದರೂ ಮುಖದಲ್ಲಿ ಕಾಣುತ್ತದೆ.

ಸಾಂಟಾಗ್ ತಾವೂ ವಿಪರೀತ ಸೇದುತ್ತಿದ್ದವರು. ಅವರ ತಾಯಿ ಮಿಲ್ಡ್ರೆಡ್ 1986ರಲ್ಲಿ ತೀರಿಕೊಂಡದ್ದು ಶ್ವಾಸಕೋಶದ ಕ್ಯಾನ್ಸರಿನಿಂದ. 2004ರ ಡಿಸೆಂಬರಿನಲ್ಲಿ ಸಾಂಟಾಗ್‌ರನ್ನು ಕೊಂಡೊಯ್ದದ್ದು ರಕ್ತದ ಕಾಯಿಲೆ. ಹಿಂದಿನ ಕ್ಯಾನ್ಸರಿಗೆ ಕೊಟ್ಟ ಔಷಧಗಳೇ ಅದಕ್ಕೆ ಕಾರಣವಾಗಿರಬಹುದೆಂದು ನಂಬಲಾಗಿದೆ. ಆ ಕೊನೆಯ ತಿಂಗಳುಗಳನ್ನು ಮಗ ಡೇವಿಡ್ ರೀಫ್ 2008ರ ‘ಸ್ವಿಮ್ಮಿಂಗ್ ಇನ್ ಎ ಸೀ ಆಫ್ ಡೆತ್’ನಲ್ಲಿ ಬರೆದಿದ್ದಾರೆ. ಆಶೆಗೆ ಎಡೆಯೇ ಇಲ್ಲದಂತೆ ಸತ್ಯ ಹೇಳಿದ ಮೊದಲ ವೈದ್ಯರನ್ನು ಅವರು ಒಂದಕ್ಷರದಿಂದಷ್ಟೇ ಗುರುತಿಸುತ್ತಾರೆ. ಹೆಸರಿಗೂ ಅರ್ಹನಲ್ಲ ಎಂಬ ಸಿಟ್ಟು ಆ ಅಕ್ಷರದಲ್ಲಿದೆ. ತಾಯಿಗೆ ಬದುಕುವುದು ಬೇಕಿತ್ತು, ಸಾವಿನ ಮಾತು ಬೇಕಿರಲಿಲ್ಲ. ತಾನು ನಂಬದ ಆಶೆಯನ್ನು ಮಗ ತಾಯಿಯ ಮುಂದೆ ಆಡುತ್ತ ಹೋದ. ಅದು ಪ್ರೀತಿಯೋ ದ್ರೋಹವೋ ಎಂಬ ಪ್ರಶ್ನೆಯ ಸುತ್ತಲೇ ಪುಸ್ತಕ ತಿರುಗುತ್ತದೆ. ಅತಿಯಾಗಿ ತಿರುಗುತ್ತದೆ ಎನ್ನಬೇಕು. ಒಂದೇ ಅಳುಕನ್ನು ಬೇರೆ ಬೇರೆ ವಾಕ್ಯಗಳಲ್ಲಿ ತೂಗಿ ನೋಡುವ ಭರದಲ್ಲಿ ರೋಗಿಯ ಮೈ ಹಿನ್ನೆಲೆಗೆ ಸರಿಯುತ್ತದೆ. ಈ ವಿಷಯದಲ್ಲಿ ಸಿಮೋನ್ ದ ಬೊವಾರ್ 1964ರಲ್ಲೇ ಬರೆದ ತಾಯಿಯ ಸಾವಿನ ಕಥನ ಹೆಚ್ಚು ದೃಢವಾದದ್ದು. ಸ್ನಾನದ ಮನೆಯಲ್ಲಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡ ತಾಯಿಗೆ ಕರುಳಿನ ಕ್ಯಾನ್ಸರ್ ಇರುವುದು ಆಸ್ಪತ್ರೆಯಲ್ಲಿ ಗೊತ್ತಾಗುತ್ತದೆ; ತಾಯಿಗೆ ಮಾತ್ರ ಹೊಟ್ಟೆಯೊಳಗಿನ ಉರಿಯೂತವೆಂದು ಹೇಳಲಾಗುತ್ತದೆ. ಸುಳ್ಳಿನಲ್ಲಿ ತಾನೂ ಪಾಲುದಾರಳಾದದ್ದನ್ನು ಬೊವಾರ್ ಮುಚ್ಚಿಡುವುದಿಲ್ಲ, ಅದಕ್ಕಾಗಿ ಎದೆ ಬಡಿದುಕೊಳ್ಳುವುದೂ ಇಲ್ಲ. ತಂಬಾಕಿನ ಪ್ರಶ್ನೆ ಅಲ್ಲಿಲ್ಲದ ಕಾರಣ ಅವರಿಗೆ ತಾಯಿಯ ಮೇಲೆ ಕೋಪಿಸಿಕೊಳ್ಳುವ ಹೊರೆ ಇರಲಿಲ್ಲ ಎಂಬುದನ್ನೂ ಒಪ್ಪಬೇಕು.

ಆ ಹೊರೆಯನ್ನು ಪೂರ್ತಿ ಎತ್ತಿಕೊಂಡ ಕೃತಿ ಕ್ಯಾನ್ಸರಿನ ಕಥೆಯೇ ಅಲ್ಲ. ಇಟಾಲೊ ಸ್ವೇವೊ 1923ರಲ್ಲಿ ಪ್ರಕಟಿಸಿದ ‘ಲಾ ಕೊಶೆಂತ್ಸಾ ದಿ ಜೇನೊ’ ಕಾದಂಬರಿಯಲ್ಲಿ ಹೊಗೆಯ ಅಧ್ಯಾಯದ ಬೆನ್ನಿಗೇ ತಂದೆಯ ಸಾವಿನ ಅಧ್ಯಾಯ ಬರುತ್ತದೆ. ಆ ಜೋಡಣೆ ಆಕಸ್ಮಿಕವಲ್ಲ. ಜೇನೊ ಸೇದಲು ಕಲಿತದ್ದು ತಂದೆ ಅಲ್ಲಲ್ಲಿ ಅರ್ಧ ಸೇದಿ ಮರೆತುಬಿಟ್ಟ ಚುಟ್ಟಗಳಿಂದ. ಇಟ್ಟ ಚುಟ್ಟ ಮಾಯವಾದದ್ದನ್ನು ಕಂಡು ತನಗೇ ತಲೆ ಕೆಟ್ಟಿರಬೇಕೆಂದು ತಂದೆ ಹೇಳುತ್ತಾನೆ. ಕೋಣೆಯಲ್ಲೇ ಕಣ್ಣು ಅರೆಮುಚ್ಚಿ ಮಲಗಿದ ಹುಡುಗನನ್ನು ಬಲ್ಲ ತಾಯಿ ನಗುತ್ತಾಳೆ. ಕಳವು, ನಗು, ಹೊಗೆ, ಪ್ರೀತಿ ಎಲ್ಲವೂ ಒಂದೇ ದೃಶ್ಯದಲ್ಲಿ ಹೆಣೆದುಕೊಂಡಿವೆ. ಮುಂದೆ ಜೇನೊ ಬದುಕಿನುದ್ದಕ್ಕೂ ‘ಕೊನೆಯ ಸಿಗರೇಟಿ’ನ ದಿನಾಂಕಗಳನ್ನು ಗುರುತು ಹಾಕುತ್ತಾನೆ. ತಂದೆಗೆ ಮಿದುಳಿನ ಕಾಯಿಲೆ ಬಂದು ಪ್ರಜ್ಞೆ ತಪ್ಪಿದಾಗ, ಪ್ರಜ್ಞೆ ಮರಳಿಸುವ ಚಿಕಿತ್ಸೆ ಕ್ರೂರವೆಂದು ವೈದ್ಯನೊಡನೆ ಜಗಳವಾಡುತ್ತಾನೆ. ಕೊನೆಗೆ ಅದೇ ವೈದ್ಯನ ಅಪ್ಪಣೆಯಂತೆ ತಂದೆಯನ್ನು ಹಾಸಿಗೆಯಲ್ಲಿ ಒತ್ತಿ ಹಿಡಿಯುತ್ತಾನೆ. ಕೊಸರಿಕೊಂಡು ಎದ್ದ ತಂದೆಯ ಕೈ ಮೇಲೆತ್ತಿ ಮಗನ ಕೆನ್ನೆಗೆ ಬೀಳುತ್ತದೆ, ತಂದೆ ಅಲ್ಲೇ ಕುಸಿದು ಸಾಯುತ್ತಾನೆ. ಅದು ಶಿಕ್ಷೆಯೋ ಸಾಯುವ ಮೈಯ ಸೆಳೆತವೋ ಎಂಬುದನ್ನು ಮಗ ಎಂದಿಗೂ ತೀರ್ಮಾನಿಸಲಾರ. ರೋಗಿಯನ್ನು ದೂಷಿಸುವ ಮಗನ ಕಥೆಯನ್ನು ಸ್ವೇವೊ ಹೀಗೆ ತಿರುಗಿಸಿ ಇಟ್ಟ: ಇಲ್ಲಿ ಚಟದವನು ಮಗ, ಸಾಯುವವನು ತಂದೆ, ತೀರ್ಪು ಕೊಡಬಲ್ಲ ಒಬ್ಬನೇ ವ್ಯಕ್ತಿಗೆ ಮಾತು ನಿಂತುಹೋಗಿದೆ.

ಸ್ವೇವೊ ಟ್ರಿಯೆಸ್ಟಿನವನು ಎಂಬುದು ಈ ಪತ್ರಿಕೆಯ ಓದುಗರಿಗೆ ಬರಿಯ ಜೀವನಚರಿತ್ರೆಯ ವಿವರವಾಗಿ ತೋರಲಾರದು. ಮೊದಲ ಮಹಾಯುದ್ಧದವರೆಗೆ ಆಸ್ಟ್ರಿಯಾ-ಹಂಗೆರಿಯ ಆಳ್ವಿಕೆಯಲ್ಲಿದ್ದ ಆ ಬಂದರಿನಲ್ಲಿ ಮನೆಮಾತು ಟ್ರಿಯೆಸ್ಟಿನ ಆಡುನುಡಿ, ಶಿಕ್ಷಣ ಜರ್ಮನ್, ಸಾಹಿತ್ಯದ ಆಸೆ ಇಟಾಲಿಯನ್ನಿನದು. ಶಿಷ್ಟ ಇಟಾಲಿಯನ್ನಿನಲ್ಲಿ ಬರೆಯುವಾಗ ತನ್ನಂಥವರು ಪದ ಸಿಕ್ಕದ್ದನ್ನಷ್ಟೇ ಹೇಳುತ್ತಾರೆ, ನಿಘಂಟು ತೆರೆಯಬೇಕಾದದ್ದನ್ನು ಬಿಟ್ಟುಬಿಡುತ್ತಾರೆ ಎಂಬರ್ಥದ ಮಾತನ್ನು ಜೇನೊ ಕಾದಂಬರಿಯ ಕೊನೆಯಲ್ಲಿ ಆಡುತ್ತಾನೆ. ಆಸ್ಪತ್ರೆಯ ಪಡಸಾಲೆಯಲ್ಲಿ ನಿಂತ ಗಡಿನಾಡಿನ ಮಗನಿಗೋ ಮಗಳಿಗೋ ಈ ಮಾತು ಸಾಹಿತ್ಯತತ್ತ್ವವಾಗಿ ಉಳಿಯುವುದಿಲ್ಲ. ವೈದ್ಯರು ರಾಜ್ಯಭಾಷೆಯಲ್ಲಿ ಹೇಳಿದ್ದನ್ನು ಕನ್ನಡವಷ್ಟೇ ಸಲೀಸಾದ ಅಪ್ಪನಿಗೆ ದಾಟಿಸಬೇಕಾದವರು ಅವರೇ. ‘ಅರ್ಬುದಂ’ ಎಂದದ್ದನ್ನು ‘ಒಂದು ಗಂಟು ಇದೆಯಂತೆ ಅಪ್ಪಾ’ ಎಂದು ದಾಟಿಸುವ ಅವಕಾಶ ಅವರ ಕೈಯಲ್ಲಿದೆ. ‘ಎಷ್ಟು ವರ್ಷದಿಂದ ಸೇದುತ್ತಾರೆ, ದಿನಕ್ಕೆ ಎಷ್ಟು’ ಎಂಬ ಪ್ರಶ್ನೆಗೆ ಅಪ್ಪ ಹೇಳಿದ ಲೆಕ್ಕವನ್ನು ವೈದ್ಯರಿಗೆ ಹೇಳುವಾಗ ಹಿಗ್ಗಿಸುವ ಇಲ್ಲವೇ ಕುಗ್ಗಿಸುವ ಅವಕಾಶವೂ ಇದೆ. ಬೊವಾರ್ ಮತ್ತು ರೀಫ್ ಎದುರಿಸಿದ ಸುಳ್ಳಿನ ಸಮಸ್ಯೆ ಇಲ್ಲಿ ಅನುವಾದದ ಸಮಸ್ಯೆಯಾಗಿ ಬರುತ್ತದೆ, ಅನುವಾದಕರಿಗೆ ಉಸಿರಾಡಲು ಪುರುಸೊತ್ತೂ ಇರುವುದಿಲ್ಲ. 2020ರ ಮಾರ್ಚಿಯಲ್ಲಿ ತಲಪಾಡಿಯ ಗಡಿ ಮುಚ್ಚಿ, ಮಂಗಳೂರಿನ ಆಸ್ಪತ್ರೆಗಳನ್ನು ನಂಬಿದ್ದ ಕಾಸರಗೋಡಿನ ರೋಗಿಗಳು ದಾರಿಯಲ್ಲೇ ತಡೆಯಲ್ಪಟ್ಟಾಗ, ತನ್ನ ನುಡಿಯಲ್ಲಿ ರೋಗ ಹೇಳಿಕೊಳ್ಳುವ ಹಕ್ಕು ಎಷ್ಟು ತೆಳುವಾದದ್ದೆಂಬುದು ಹಲವರಿಗೆ ಗೊತ್ತಾಯಿತು.

ಕನ್ನಡ ಕಥನ ಈ ಪಡಸಾಲೆಗೆ ಹೆಚ್ಚು ಬಂದಿಲ್ಲ. ನವ್ಯದವರ ಕೈಯಲ್ಲಿ ರೋಗ ಬೇಗನೆ ಸಂಕೇತವಾಗುತ್ತದೆ. 1965ರ ‘ಸಂಸ್ಕಾರ’ದಲ್ಲಿ ಪ್ಲೇಗು ಅಗ್ರಹಾರದ ಕೊಳೆತಕ್ಕೆ ಕನ್ನಡಿಯಾದಂತೆ. ಆ ಓದಿಗೆ ಒಗ್ಗಿದ ವಿಮರ್ಶೆ, ಕೆಮ್ಮುವ ಅಪ್ಪನೊಬ್ಬನನ್ನು ಕಂಡರೆ ಅವನಲ್ಲಿ ಪಿತೃಪ್ರಧಾನ ವ್ಯವಸ್ಥೆಯ ಅವನತಿಯನ್ನು ಹುಡುಕಲು ಹೊರಡುತ್ತದೆ. ಅಪ್ಪನ ಕೆಮ್ಮು ಮೊದಲು ಕೆಮ್ಮಾಗಿ ಕೇಳಿಸಬೇಕು. ಪಕ್ಕದ ಮಲಯಾಳದಲ್ಲಿ ನಟ ಇನ್ನೊಸೆಂಟ್ ತಮ್ಮ ಕ್ಯಾನ್ಸರನ್ನು ಕುರಿತು ‘ಕ್ಯಾನ್ಸರ್ ವಾರ್ಡಿಲೆ ಚಿರಿ’ ಬರೆದು ವಾರ್ಡಿಗೆ ನಗುವನ್ನು ತಂದರು. ಆದರೆ ಅದು ರೋಗಿಯೇ ಹೇಳಿದ ಕಥೆ. ರೋಗಿಗೆ ತನ್ನನ್ನು ತಾನು ಗೇಲಿ ಮಾಡಿಕೊಳ್ಳುವ ಸ್ವಾತಂತ್ರ್ಯವಿದೆ, ಮಕ್ಕಳಿಗೆ ಅದಿಲ್ಲ.

ಮಕ್ಕಳ ಕೋಪವನ್ನು ಇನ್ನಷ್ಟು ಗೋಜಲಾಗಿಸುವ ಸಂಗತಿ ಗಡಿನಾಡಿನಲ್ಲೇ ಇದೆ. ಕಾಸರಗೋಡು-ದಕ್ಷಿಣ ಕನ್ನಡದಲ್ಲೂ ಸೊಲ್ಲಾಪುರದಲ್ಲೂ ಬೀಡಿ ಕಟ್ಟುವುದು ಸಾವಿರಾರು ಹೆಂಗಸರ ದುಡಿಮೆ. ಮಡಿಲಲ್ಲಿ ಮೊರ, ಮೊರದಲ್ಲಿ ಬೀಡಿ ಎಲೆ ಮತ್ತು ಹೊಗೆಸೊಪ್ಪಿನ ಪುಡಿ, ಪಕ್ಕದಲ್ಲಿ ಕತ್ತರಿ ಮತ್ತು ನೂಲು. ಸಂಜೆ ಎಣಿಸಿಕೊಟ್ಟ ಕಟ್ಟುಗಳಿಂದ ಬಂದ ದುಡ್ಡೇ ಎಷ್ಟೋ ಮನೆಗಳಲ್ಲಿ ಶಾಲೆಯ ಶುಲ್ಕ, ಪಠ್ಯಪುಸ್ತಕ. ಆ ಮಗು ಬೆಳೆದು, ಅಪ್ಪನ ಶ್ವಾಸಕೋಶದ ಚಿತ್ರವನ್ನು ಬೆಳಕಿಗೆ ಹಿಡಿದು ನೋಡುವಾಗ, ತಾನು ಓದಲು ಕಲಿತದ್ದು ಯಾವ ದುಡ್ಡಿನಿಂದ ಎಂಬುದನ್ನು ಮರೆಯುವಂತಿಲ್ಲ. ಕಣ್ಣೂರು ಕಡೆಯ ಬೀಡಿ ಕೆಲಸಗಾರರಲ್ಲಿ ಒಬ್ಬ ಪತ್ರಿಕೆ, ಕಾದಂಬರಿಗಳನ್ನು ಗಟ್ಟಿಯಾಗಿ ಓದುತ್ತಿದ್ದ, ಉಳಿದವರು ಬೀಡಿ ಸುತ್ತುತ್ತ ಕೇಳುತ್ತಿದ್ದರು. ಓದುವವನ ಪಾಲಿನ ಬೀಡಿಯನ್ನು ಉಳಿದವರು ಸುತ್ತಿ ತುಂಬಿಕೊಡುವ ಕ್ರಮವೂ ಇತ್ತು. 1969ರಲ್ಲಿ ಹುಟ್ಟಿದ ದಿನೇಶ್ ಬೀಡಿ ಸಹಕಾರ ಸಂಘ ಆ ಪರಂಪರೆಯ ಮುಂದುವರಿಕೆ. ರಾಜಕೀಯ ಪ್ರಜ್ಞೆ, ಸಾಹಿತ್ಯದ ರುಚಿ, ತಂಬಾಕಿನ ಧೂಳು ಒಂದೇ ಕೋಣೆಯ ಗಾಳಿಯಲ್ಲಿ ಇದ್ದವು. ಇದನ್ನು ಬಿಟ್ಟು ಸೇದಿದವನ ಇಚ್ಛಾಶಕ್ತಿಯನ್ನಷ್ಟೇ ವಿಚಾರಣೆಗೆ ನಿಲ್ಲಿಸುವ ಕಥನ ಅರ್ಧ ಕಥನ.

ಡಾಲ್ ಮತ್ತು ಸಂಗಡಿಗರು ಬ್ರಿಟಿಷ್ ವೈದ್ಯರನ್ನು ಐವತ್ತು ವರ್ಷ ಹಿಂಬಾಲಿಸಿ 2004ರಲ್ಲಿ ಕೊಟ್ಟ ಲೆಕ್ಕದಲ್ಲಿ, ಬದುಕಿಡೀ ಸೇದುವವರು ಸರಾಸರಿ ಸುಮಾರು 10 ವರ್ಷ ಆಯುಷ್ಯ ಕಳೆದುಕೊಳ್ಳುತ್ತಾರೆ. 50ರಲ್ಲಿ ಬಿಟ್ಟರೆ ಸುಮಾರು 6 ವರ್ಷ, 60ರಲ್ಲಿ ಬಿಟ್ಟರೂ ಸುಮಾರು 3 ವರ್ಷ ಮರಳಿ ಸಿಗುತ್ತವೆ. ಕಥನದ ದೃಷ್ಟಿಯಿಂದ ಈ ಅಂಕಿಗಳು ಕುತೂಹಲಕರ. ಜೇನೊನ ಕೊನೆಯ ಸಿಗರೇಟು ನಗೆಪಾಟಲಾದದ್ದು ಅದು ಎಂದೂ ಕೊನೆಯಾಗದ್ದರಿಂದ. ಅಂಕಿಗಳ ಪ್ರಕಾರ ತಡವಾದ ಕೊನೆಗೂ ಬೆಲೆಯಿದೆ. ರೋಗ ಪತ್ತೆಯಾದ ದಿನಕ್ಕೇ ಕಥೆ ಮುಗಿಯಿತೆಂದು ಬಗೆದು ಹಿಂದಕ್ಕೆ ತಿರುಗಿ ತಪ್ಪುಗಳ ಪಟ್ಟಿ ಹಾಕುವ ಮಗ, ಮುಂದಿರುವ ದಿನಗಳನ್ನು ಬರೆಯುವುದೇ ಇಲ್ಲ. ಸ್ವೇವೊ 1928ರಲ್ಲಿ ಕಾರು ಅಪಘಾತದಲ್ಲಿ ಗಾಯಗೊಂಡು ಮಲಗಿದ್ದಾಗ ಸಿಗರೇಟು ಕೇಳಿದನೆಂದೂ ಕೊಡಲಿಲ್ಲವೆಂದೂ, ಇದು ನಿಜಕ್ಕೂ ಕೊನೆಯದಾಗುತ್ತಿತ್ತು ಎಂದು ಅವನು ಹೇಳಿದನೆಂದೂ ಪ್ರತೀತಿ. ಕೇಳಿದವನ ಧ್ವನಿ ಎಲ್ಲರ ನೆನಪಿನಲ್ಲಿ ಉಳಿದಿದೆ. ಹಾಸಿಗೆಯ ಪಕ್ಕ ನಿಂತು ಇಲ್ಲವೆಂದವರು ಆಮೇಲೆ ಮನೆಗೆ ಹೋಗಿ ಏನು ಯೋಚಿಸಿದರು ಎಂಬುದನ್ನು ಯಾರೂ ಬರೆದಿಡಲಿಲ್ಲ.