ಬಾಡಿಗೆದಾರನಿಲ್ಲದ ಪುಟ

2009ರ ನವೆಂಬರ್ 25, ಬುಧವಾರ. ಹಾಜಿಗಳು ಮಿನಾದಲ್ಲಿದ್ದರು, ಮರುದಿನ ಅರಫಾ. ದುಬೈಯ ಕಚೇರಿಗಳು ಬಕ್ರೀದ್ ರಜೆಗೆ ಬಾಗಿಲು ಹಾಕಿಕೊಳ್ಳುತ್ತಿದ್ದ ಹೊತ್ತಿನಲ್ಲಿ ಸರಕಾರದ ಒಂದು ಸಣ್ಣ ಹೇಳಿಕೆ ಹೊರಬಿತ್ತು. ಸರಕಾರಿ ಒಡೆತನದ ದುಬೈ ವರ್ಲ್ಡ್ ತನ್ನ ಸಾಲ ತೀರಿಸಲು ಮುಂದಿನ ಮೇ ತಿಂಗಳ ಕೊನೆಯವರೆಗೆ ಸಮಯ ಕೇಳುತ್ತಿದೆ ಎಂಬುದು ಅದರ ಸಾರ. ಸಮುದ್ರದಲ್ಲಿ ಖರ್ಜೂರದ ಮರದ ಆಕಾರದ ದ್ವೀಪ ಕಟ್ಟಿದ ನಖೀಲ್ ಕಂಪೆನಿ ಈ ಸಂಸ್ಥೆಯದೇ ಅಂಗ. ಬಿಕ್ಕಟ್ಟಿಗೆ ಸಿಕ್ಕಿದ ಸಾಲ ಸುಮಾರು 2,600 ಕೋಟಿ ಡಾಲರ್. ಮರುದಿನ ಜಗತ್ತಿನ ಶೇರುಪೇಟೆಗಳು ನಡುಗಿದವು. ದುಬೈಯ ಪೇಟೆ ಹಬ್ಬದ ರಜೆಯಲ್ಲಿತ್ತು.

ಆ ಊರಿನ ಪತ್ರಿಕೆಗಳ ರಿಯಲ್ ಎಸ್ಟೇಟ್ ಪುರವಣಿಗಳನ್ನು ವರ್ಷವಿಡೀ ನಂಬಿ ಓದಿದವರಿಗೆ ಇದು ಬರಸಿಡಿಲು. ಹಾಗೇಕಾಗಬೇಕಿತ್ತು ಎಂಬುದು ನಮ್ಮ ಪ್ರಶ್ನೆ. ಭಟ್ಕಳ, ಉಡುಪಿ, ಮಂಗಳೂರು, ಕಾಸರಗೋಡಿನ ಎಷ್ಟೋ ಮನೆಗಳ ಒಲೆ ಉರಿಯುವುದು ಆ ಊರಿನ ದುಡಿಮೆಯಿಂದ. ಆದ್ದರಿಂದ ಅಲ್ಲಿನ ಪತ್ರಿಕೆಯ ಒಂದು ಪುಟದ ಬಗ್ಗೆ ಕನ್ನಡದಲ್ಲಿ ವಿಮರ್ಶೆ ಬರೆಯುವುದು ಅಪ್ರಸ್ತುತವೆಂದು ನಮಗೆ ಅನಿಸುವುದಿಲ್ಲ.

2002ರಲ್ಲಿ ದುಬೈ ಕೆಲವು ಪ್ರದೇಶಗಳಲ್ಲಿ ವಿದೇಶಿಯರಿಗೂ ಮನೆಯ ಪೂರ್ಣ ಒಡೆತನ ಎಂದು ಘೋಷಿಸಿತು. ಅದಕ್ಕೆ ಕಾನೂನಿನ ಆಧಾರ ಬಂದದ್ದು 2006ರಲ್ಲಿ. ನಡುವಿನ ನಾಲ್ಕು ವರ್ಷ ಜನ ಜಾಹೀರಾತನ್ನು ನಂಬಿ ಹಣ ಕಟ್ಟಿದರು. ಇನ್ನೂ ಅಡಿಪಾಯವಿಲ್ಲದ ಕಟ್ಟಡದ ಫ್ಲ್ಯಾಟಿಗೆ ಬೆಲೆಯ ಹತ್ತನೇ ಒಂದು ಪಾಲು ಕೊಟ್ಟು ಬುಕ್ ಮಾಡುವುದು, ಮುಂದಿನ ಕಂತು ಬರುವ ಮೊದಲೇ ಲಾಭಕ್ಕೆ ಇನ್ನೊಬ್ಬನಿಗೆ ದಾಟಿಸುವುದು, ಇದೇ ವ್ಯಾಪಾರವಾಯಿತು. ಕೊನೆಯಲ್ಲಿ ಯಾರ ಕೈಯಲ್ಲಿ ಕಾಗದ ಉಳಿಯಿತೋ ಅವನು ಸಿಕ್ಕಿಬಿದ್ದ.

ಲೀಮನ್ ಬ್ರದರ್ಸ್ ಮುಳುಗಿದ್ದು 2008ರ ಸೆಪ್ಟೆಂಬರ್ 15ರಂದು. ಮೂರೇ ವಾರಗಳಲ್ಲಿ, ಅಕ್ಟೋಬರಿನಲ್ಲಿ, ದುಬೈಯಲ್ಲಿ ಸಿಟಿಸ್ಕೇಪ್ ಎಂಬ ಭೂವ್ಯಾಪಾರದ ಮೇಳ ನಡೆಯಿತು. ನಖೀಲ್ ಒಂದು ಕಿಲೋಮೀಟರ್ ಎತ್ತರದ ಗೋಪುರ ಕಟ್ಟುವುದಾಗಿ ಹೇಳಿತು. ನವೆಂಬರ್ ಕೊನೆಗೆ ಅದೇ ಕಂಪೆನಿ 500 ಮಂದಿಯನ್ನು ಕೆಲಸದಿಂದ ತೆಗೆಯಿತು; ಜನವರಿಯಲ್ಲಿ ಗೋಪುರದ ಕೆಲಸ ನಿಲ್ಲಿಸಿತು. ಕೊಲಿಯರ್ಸ್ ಸಂಸ್ಥೆಯ ಸೂಚ್ಯಂಕದಂತೆ 2009ರ ಮೊದಲ ಮೂರು ತಿಂಗಳಲ್ಲಿ ಮನೆಗಳ ಬೆಲೆ, ಅದರ ಹಿಂದಿನ ಮೂರು ತಿಂಗಳಿಗೆ ಹೋಲಿಸಿದರೆ, ಶೇ. 41ರಷ್ಟು ಬಿತ್ತು.

ಈ ಅವಧಿಯ ಪುಟಗಳ ಭಾಷೆ ಗಮನಿಸಬೇಕಾದ್ದು. ಬೆಲೆ ಏರುವಾಗ ಅದಕ್ಕೆ 'ಬೆಳವಣಿಗೆ' ಎಂದು ಹೆಸರು, ಬಿದ್ದಾಗ 'ಕರೆಕ್ಷನ್'. ಕರೆಕ್ಷನ್ ಅಂದರೆ ತಿದ್ದುಪಡಿ. ಹಾಗಾದರೆ ಹಿಂದಿನ ಬೆಲೆ ತಪ್ಪಾಗಿತ್ತು ಎಂದಾಯಿತಲ್ಲ? ಆ ತಪ್ಪನ್ನು ಬೆಳವಣಿಗೆಯೆಂದು ಕರೆದವರು ಯಾರು? ಇನ್ನೊಂದು ಪದ 'ತಳ'. ಪೇಟೆ ತಳ ಮುಟ್ಟಿದೆ, ಇನ್ನು ಏರುವುದೇ ಬಾಕಿ ಎಂಬ ಸುದ್ದಿ ಕೆಲವು ತಿಂಗಳಿಗೊಮ್ಮೆ ಬರುತ್ತಿತ್ತು. ಹೇಳುವವರು ಬ್ರೋಕರ್, ಬಿಲ್ಡರ್, ಬ್ಯಾಂಕಿನವರು ಮತ್ತು ಇವರೆಲ್ಲರಿಂದ ಶುಲ್ಕ ಪಡೆಯುವ ಸಲಹಾ ಸಂಸ್ಥೆಯವರು. ಕೊಂಡವನ ಮಾತಿಗೆ ಜಾಗ ಅಪರೂಪ. ಕಂತು ಕಟ್ಟುವುದೋ, ಕೊಟ್ಟದ್ದನ್ನು ಬಿಟ್ಟು ಕೈತೊಳೆಯುವುದೋ ಎಂದು ತೀರ್ಮಾನಿಸಬೇಕಾಗಿದ್ದ ಸಂಬಳದಾರನಿಗೆ ಈ 'ತಳ' ಎಂಬ ಒಂದು ಪದದ ಬೆಲೆ ಎರಡು ಮೂರು ವರ್ಷಗಳ ಉಳಿತಾಯ. ನಮ್ಮ ಕಡೆಯ ಒಬ್ಬರು ಆ ಕತ್ತರಿಸಿದ ಪುಟಗಳನ್ನು ಇನ್ನೂ ಫೈಲಿನಲ್ಲಿಟ್ಟಿದ್ದಾರೆ. ಅವರಿಗೆ ಮನೆ ಸಿಗಲಿಲ್ಲ.

ಮಾರುವ ವಸ್ತುವಿನಲ್ಲಿ ಐಬಿದ್ದರೆ ಹೇಳಿಯೇ ಮಾರಬೇಕೆಂಬುದು ಇಸ್ಲಾಮೀ ವ್ಯಾಪಾರ ನಿಯಮದ ಮೊದಲ ಪಾಠ. ಕಟ್ಟಿಸಿಕೊಳ್ಳುವ ಕರಾರಿಗೆ ಫಿಕ್ಹ್‌ನಲ್ಲಿ ಇಸ್ತಿಸ್ನಾ ಎಂಬ ದಾರಿಯಿದೆ. ಆದರೆ ಇನ್ನೂ ಕೈಗೆ ಬಾರದ್ದನ್ನು ಕೈಯಿಂದ ಕೈಗೆ ಮಾರುತ್ತಾ ಹೋಗುವುದನ್ನು ಬಹುಪಾಲು ವಿದ್ವಾಂಸರು ಒಪ್ಪುವುದಿಲ್ಲ. ಅದರಲ್ಲಿರುವ ಅನಿಶ್ಚಿತತೆಗೇ ಘರರ್ ಎನ್ನುವುದು. ಮುಸ್ಲಿಮ್ ದೇಶವೊಂದರ ಪತ್ರಿಕೆ ಈ ಪ್ರಶ್ನೆಯನ್ನು ರಿಯಲ್ ಎಸ್ಟೇಟ್ ಪುಟದಲ್ಲಿ ಎತ್ತಬಹುದಿತ್ತು. ಆದರೆ 'ಶರೀಅತ್ ಬದ್ಧ' ಎಂಬ ಮಾತು ಅಲ್ಲಿ ಹೆಚ್ಚಾಗಿ ಕಂಡದ್ದು ಸಾಲದ ಯೋಜನೆಗಳ ಜಾಹೀರಾತಿನಲ್ಲಿ. ನಖೀಲ್ ತೀರಿಸಬೇಕಾಗಿದ್ದ ಸಾಲವೂ ಸುಕೂಕ್ ಆಗಿತ್ತು. 2009ರ ಡಿಸೆಂಬರ್ 14ರಂದು ಅಬುಧಾಬಿ 1,000 ಕೋಟಿ ಡಾಲರ್ ಕೊಟ್ಟಿತು. ಅದರಲ್ಲಿ 410 ಕೋಟಿ ಸುಕೂಕ್ ಹಿಡಿದವರಿಗೆ ಪೂರ್ತಿ ಸಂದಿತು. ಕಂತು ಕಟ್ಟಿದ ಎಷ್ಟೋ ಮಂದಿ ಅನಂತರವೂ ವರ್ಷಗಟ್ಟಲೆ ಕಾದರು.

ಪತ್ರಕರ್ತರನ್ನಷ್ಟೇ ದೂರಿ ಪ್ರಯೋಜನವಿಲ್ಲ. 2009ರ ಆರಂಭದಲ್ಲಿ ಚರ್ಚೆಯಲ್ಲಿದ್ದ ಮಾಧ್ಯಮ ಮಸೂದೆ, ದೇಶದ ಅರ್ಥವ್ಯವಸ್ಥೆಗೆ ಧಕ್ಕೆ ತರುವ ಸುದ್ದಿಗೆ ಭಾರೀ ದಂಡ ಹೇಳುತ್ತಿತ್ತು. ಆ ವರ್ಷದ ನವೆಂಬರ್ 29ರ ಲಂಡನ್ನಿನ ಸಂಡೇ ಟೈಮ್ಸ್ ಸಂಚಿಕೆಯನ್ನು, ದೊರೆ ಸಾಲದ ಕಡಲಲ್ಲಿ ಮುಳುಗುವ ಚಿತ್ರವಿದ್ದುದಕ್ಕೆ, ಅಂಗಡಿಗಳಿಂದ ತೆಗೆಸಲಾಯಿತು. ಕೆಲಸ ಹೋದರೆ ವೀಸಾ ಹೋಗುವ ಊರಿನಲ್ಲಿ, ತಾನೂ ಅನಿವಾಸಿಯೇ ಆದ ವರದಿಗಾರ ಎಷ್ಟು ಬರೆದಾನು?

ಪಶ್ಚಿಮದ ಪತ್ರಿಕೆಗಳಿಗೆ ಆ ಭಯವಿರಲಿಲ್ಲ. ಅವು ಬರೆದದ್ದಾದರೂ ಏನು? ಸಾಲಕ್ಕೆ ಹೆದರಿ ಓಡಿದವರು ವಿಮಾನ ನಿಲ್ದಾಣದಲ್ಲಿ ಬಿಟ್ಟುಹೋದ ಕಾರುಗಳು ಮೂರು ಸಾವಿರ ಎಂಬ ಸುದ್ದಿ ಜಗತ್ತು ಸುತ್ತಿತು. ಪೊಲೀಸರು ಕೊಟ್ಟ ಲೆಕ್ಕ ತೀರಾ ಚಿಕ್ಕದು. ಮರಳಿನಲ್ಲಿ ಕಟ್ಟಿದ್ದು ಮರಳಿಗೇ ಮರಳಿತು ಎಂಬ ಸಂತೋಷ ಆ ಬರಹಗಳಲ್ಲಿ ತುಳುಕುತ್ತಿತ್ತು. ಅಮೆರಿಕದ ಸಾವಿರಾರು ಮನೆಗಳು ಅದೇ ಹೊತ್ತಿಗೆ ಹರಾಜಾಗುತ್ತಿದ್ದವು. ಅದಕ್ಕೆ ಯಾರೂ ಆ ನಾಡಿನ ಮಣ್ಣನ್ನು ದೂರಲಿಲ್ಲ.

ಒಂದು ಕಡೆಯವರು ಮುಚ್ಚಿಟ್ಟರು, ಇನ್ನೊಂದು ಕಡೆಯವರು ಹಿಗ್ಗಿದರು. ಬೆಲೆ ಇಳಿಯುವುದು ಯಾರಿಗೆ ಕೆಟ್ಟ ಸುದ್ದಿ ಎಂದು ಮಾತ್ರ ಇಬ್ಬರೂ ಕೇಳಲಿಲ್ಲ.

ದುಬೈಯಲ್ಲಿ ಬಹುಪಾಲು ಜನ ಅನಿವಾಸಿಗಳು. ಅವರಲ್ಲಿ ಬಹುಪಾಲು ಮಂದಿ ಬಾಡಿಗೆ ಮನೆಯವರು ಅಥವಾ ಲೇಬರ್ ಕ್ಯಾಂಪಿನವರು. ಏರುಗಾಲದಲ್ಲಿ ಅವರು ಪಟ್ಟ ಪಾಡು ದೊಡ್ಡದು. ಬಾಡಿಗೆ ಏರಿಕೆಗೆ ಸರಕಾರವೇ 2005ರಲ್ಲಿ ಶೇ. 15, 2007ಕ್ಕೆ ಶೇ. 7, 2008ಕ್ಕೆ ಶೇ. 5ರ ಮಿತಿ ಹಾಕಬೇಕಾಯಿತು. ಅದು ಹಳೆಯ ಬಾಡಿಗೆದಾರನಿಗೆ. ಹೊಸದಾಗಿ ಮನೆ ಹುಡುಕುವವನಿಗೆ ಮಾಲಕ ಹೇಳಿದ್ದೇ ಬೆಲೆ. ಒಂದು ವಿಲ್ಲಾವನ್ನು ನಾಲ್ಕೈದು ಸಂಸಾರಗಳು ಪ್ಲೈವುಡ್ ಪಾರ್ಟಿಷನ್ ಹಾಕಿ ಹಂಚಿಕೊಂಡವು. ಒಂದು ವಿಲ್ಲಾದಲ್ಲಿ ಒಂದೇ ಕುಟುಂಬ ಎಂಬ ಅಭಿಯಾನ ಹೂಡಿ ನಗರಪಾಲಿಕೆ ಅವರನ್ನು ಅಲ್ಲಿಂದಲೂ ಎಬ್ಬಿಸಿತು. ಎಷ್ಟೋ ಮಂದಿ ಹೆಂಡತಿ ಮಕ್ಕಳನ್ನು ಊರಿಗೆ ಕಳುಹಿಸಿ ಬೆಡ್‌ಸ್ಪೇಸಿಗೆ ಮರಳಿದರು.

ಸತ್ವಾದ ಕತೆ ಇಲ್ಲಿ ನೆನಪಾಗುತ್ತದೆ. ದರ್ಜಿಗಳು, ಬಟ್ಟೆಯಂಗಡಿಗಳು, ಸಣ್ಣ ಹೋಟೆಲುಗಳು, ತಗ್ಗು ಮನೆಗಳ ಹಳೆಯ ಬಡಾವಣೆ ಅದು. ಏಷ್ಯಾದ ಸಣ್ಣ ಸಂಬಳದವರಿಗೆ ನಗರದ ನಡುವೆ ಉಳಿದಿದ್ದ ಕೆಲವೇ ನೆಲೆಗಳಲ್ಲೊಂದು. 2008ರ ಅದೇ ಮೇಳದಲ್ಲಿ 35,000 ಕೋಟಿ ದಿರ್ಹಮ್‌ಗಳ ಜುಮೇರಾ ಗಾರ್ಡನ್ಸ್ ಎಂಬ ಯೋಜನೆ ಪ್ರಕಟವಾಯಿತು. ಅದು ಏಳಬೇಕಾದದ್ದು ಸತ್ವಾದ ಮೇಲೆ. ಮನೆಗಳನ್ನು ಒಡೆಯುವ ಕೆಲಸವೂ ಶುರುವಾಗಿತ್ತು. ಆಮೇಲೆ ಪೇಟೆ ಬಿತ್ತು, ಯೋಜನೆ ನಿಂತಿತು, ಸತ್ವಾದ ಬಹುಭಾಗ ಉಳಿಯಿತು. ಅಲ್ಲಿನ ದರ್ಜಿಗೆ ಈ ಕುಸಿತ ಒಂದು ರಹಮತ್. ಸತ್ವಾದ ಬಗ್ಗೆ ಒಳ್ಳೆಯ ಲೇಖನಗಳು ಬಾರದೇ ಇರಲಿಲ್ಲ. ಆದರೆ ಅವು ಬಂದದ್ದು ನಗರದ ಪುಟದಲ್ಲಿ, ಅಳಿಯುವ ಹಳೆಯದರ ಕುರಿತ ಮರುಕದ ಧಾಟಿಯಲ್ಲಿ. ರಿಯಲ್ ಎಸ್ಟೇಟ್ ಪುಟದ ಲೆಕ್ಕದಲ್ಲಿ ಅದು 'ಸ್ಥಗಿತಗೊಂಡ ಯೋಜನೆ'. 2009ರಲ್ಲಿ ಬಾಡಿಗೆ ಇಳಿದು ಎಷ್ಟೋ ಸಂಸಾರಗಳಿಗೆ ಬೇರೆ ಅಡುಗೆಮನೆ ಸಿಕ್ಕಿದ್ದು ಆ ಪುಟದ ಪಾಲಿಗೆ 'ಆದಾಯದ ಕುಸಿತ'.

ಹಾಗೆಂದು ಕುಸಿತವನ್ನು ಕೊಂಡಾಡುವುದೂ ಬೇಡ. ನಿಂತುಹೋದ ಕ್ರೇನುಗಳ ಕೆಳಗೆ ಸೋನಾಪುರದ ಕ್ಯಾಂಪುಗಳಲ್ಲಿ ಸಂಬಳವಿಲ್ಲದೆ ಕುಳಿತವರು, ಏಜೆಂಟನ ಸಾಲ ತೀರುವ ಮೊದಲೇ ವಿಮಾನ ಹತ್ತಿಸಲ್ಪಟ್ಟವರು ಯಾವ ಪುಟದ ಸೂಚ್ಯಂಕದಲ್ಲೂ ಇರಲಿಲ್ಲ. ಮುಂಗಡ ತಾರೀಖಿನ ಚೆಕ್ ಕೊಟ್ಟು ಮನೆ ಹಿಡಿದವನು, ಕಂತಿಗೆ ಚೆಕ್ ಬರೆದವನು ಇಬ್ಬರೂ ಚೆಕ್ ಬೌನ್ಸ್ ಆದರೆ ಜೈಲಿಗೆ ಹೋಗಬೇಕಾಗಿದ್ದ ಕಾಲ ಅದು. ಹಣವಿಲ್ಲದೆ ಚೆಕ್ ವಾಪಸಾಗುವುದನ್ನು ಅಲ್ಲಿನ ಕಾನೂನು ಅಪರಾಧದ ಪಟ್ಟಿಯಿಂದ ಬಹುಮಟ್ಟಿಗೆ ಕೈಬಿಟ್ಟದ್ದು 2022ರ ಜನವರಿಯಲ್ಲಿ.

ನಮ್ಮ ಕನ್ನಡ ಪತ್ರಿಕೆಗಳೇನು ಮೇಲು? ಆ ದಿನಗಳಲ್ಲಿ ನಾವು ದುಬೈ ಮುಳುಗಿತು ಎಂದು ಓದಿ, ಪುಟ ತಿರುಗಿಸಿದರೆ ಮಂಗಳೂರಿನ ಫ್ಲ್ಯಾಟುಗಳ ಬಣ್ಣದ ಜಾಹೀರಾತು. ಗಲ್ಫಿನ ಹಣವನ್ನೇ ನಂಬಿ ಎದ್ದ ಆ ಕಟ್ಟಡಗಳ ಕಿಟಕಿಗಳಲ್ಲಿ ರಾತ್ರಿ ದೀಪ ಕಾಣುತ್ತಿದ್ದುದು ಕೆಲವರ ಮನೆಯಲ್ಲಿ ಮಾತ್ರ. ಅದೇ ಊರಿನಲ್ಲಿ, ಹೆಸರು ಕೇಳಿದ ಕೂಡಲೇ 'ಮನೆ ಕೊಟ್ಟಾಗಿದೆ' ಎನ್ನುವ ಮಾಲಕರ ಬಾಗಿಲಲ್ಲಿ ನಿಂತ ಮುಸ್ಲಿಮ್ ಬಾಡಿಗೆದಾರನಿಗೆ ಆ ಪುರವಣಿಗಳಲ್ಲಿ ಒಂದು ಪ್ಯಾರಾ ಸಿಕ್ಕಿದ್ದು ನಮಗೆ ನೆನಪಿಲ್ಲ.

2014ರ ಬಳಿಕ ದುಬೈಯ ಬೆಲೆಗಳು ಮತ್ತೊಮ್ಮೆ ನಿಧಾನವಾಗಿ ಇಳಿದು, 2021ರಿಂದ ಮತ್ತೆ ಏರಿದವು. 2024ರಲ್ಲಿ ಮಾರಾಟವಾದ ಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇನ್ನೂ ಕಟ್ಟಬೇಕಾದವು. ತಿಂಗಳಿಗೆ ಶೇ. 1ರ ಕಂತು ಎಂಬ ಜಾಹೀರಾತು ನಮ್ಮ ಕರಾವಳಿಯ ಹುಡುಗರ ಮೊಬೈಲಿಗೂ ಬರುತ್ತದೆ. ಏರಿದ ಬಾಡಿಗೆಯಿಂದ ಶಾರ್ಜಾಕ್ಕೆ ಮನೆ ಬದಲಿಸಿ ದಿನಾ ಟ್ರಾಫಿಕ್ಕಿನಲ್ಲಿ ಗಂಟೆಗಟ್ಟಲೆ ಕಳೆಯುವವರ ಸುದ್ದಿ ಈಗಲೂ ನಗರದ ಪುಟದಲ್ಲಿದೆ. ರಿಯಲ್ ಎಸ್ಟೇಟ್ ಪುಟ ಅದೇ ಏರಿಕೆಗೆ ಕೊಟ್ಟ ಹೆಸರು 'ಪೇಟೆಯ ಬಲ'.