ರೋಡ್‌ಕಿಂಗ್‌ಗೆ ಮುಂದೆ ಗಿರಾಕಿ ಯಾರು?

ಭಾನುವಾರ ಬೆಳಿಗ್ಗೆ ಅಪ್ಪನ ಯೆಜ್ಡಿ ರೋಡ್‌ಕಿಂಗ್ ತಗೊಂಡು ಜ್ಞಾನಭಾರತಿ ಕಡೆ ಒಂದು ಸುತ್ತು ಹೋಗಿದ್ದೆ. ಟೀ ಅಂಗಡಿ ಹತ್ರ ನಿಲ್ಲಿಸಿದಾಗ ಕಾಲೇಜು ಹುಡುಗನೊಬ್ಬ ಬಂದು ಕೇಳಿದ: "ಸೂಪರ್ ಆಗಿದೆ ಅಣ್ಣ. ಆದ್ರೆ ಇದನ್ನ ಇನ್ನೂ ಯಾಕೆ ಇಟ್ಕೊಂಡಿದೀರ?"

ನಮ್ಮ ವಯಸ್ಸಿನವರ ಹತ್ರ ಇದಕ್ಕೆ ಎರಡು ಉತ್ತರ ರೆಡಿ ಇರತ್ತೆ: ಆ ಸೌಂಡು, ಆ ನೆನಪು. ಎರಡೂ ಅವನಿಗೆ ನಾಟಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದಾಗ ಅವನು ಹುಟ್ಟೇ ಇರಲಿಲ್ಲ. ಪೆಟ್ರೋಲ್ ಟ್ಯಾಂಕ್ ಮೇಲೆ ಕೂತು ಜಾತ್ರೆಗೆ ಹೋದವನೂ ಅಲ್ಲ.

ಬರೀ ಗುಣ ನೋಡಿದ್ರೂ ಹಳೇದು ಸೋಲತ್ತೆ. 1978ರಲ್ಲಿ ಬಂದ ರೋಡ್‌ಕಿಂಗ್‌ದು 250 ಸಿಸಿ ಟೂ-ಸ್ಟ್ರೋಕ್ ಎಂಜಿನ್, 16 ಅಶ್ವಶಕ್ತಿ, ಎರಡೂ ಕಡೆ ಡ್ರಮ್ ಬ್ರೇಕ್. 2022ರಲ್ಲಿ ಮರಳಿ ಬಂದ ಯೆಜ್ಡಿಗೆ 334 ಸಿಸಿ, ಡಿಸ್ಕ್ ಬ್ರೇಕ್, ಎಬಿಎಸ್. ಅದೇ ವರ್ಷ ಬೆಂಗಳೂರಿನದೇ ಅಲ್ಟ್ರಾವಯಲೆಟ್ ಕಂಪನಿ ಎಫ್77 ತಂತು. ಅದು ಹೊಗೆ ಇಲ್ಲದ ಎಲೆಕ್ಟ್ರಿಕ್ ಬೈಕು. ಮಳೇಲಿ ಮೈಸೂರು ರಸ್ತೆಗೆ ಇಳೀಬೇಕು ಅಂದ್ರೆ ನಾನೂ ಹೊಸದನ್ನೇ ಆರಿಸ್ತೀನಿ. ರೋಡ್‌ಕಿಂಗ್ ಬಿಡೋ ಹೊಗೆಯನ್ನ ನೆನಪಿನ ಹೆಸರಲ್ಲಿ ಸಮರ್ಥಿಸೋಕಾಗಲ್ಲ.

ಹಾಗಾದ್ರೆ ಉಳಿಯೋದೇನು? ನಮ್ಮೂರಲ್ಲಿ ಶೋರೂಮ್ ಇರಲಿಲ್ಲ. ಗಾಡಿ ಕೈಕೊಟ್ರೆ ಅಪ್ಪ ಅಂಗಳದಲ್ಲಿ ಗೋಣಿಚೀಲ ಹಾಸಿ ಕಾರ್ಬುರೇಟರ್ ಬಿಚ್ಚೋರು, ಜೆಟ್ ಊದಿ ನನ್ನ ಅಂಗೈಗೆ ಇಡೋರು. ಯಂತ್ರ ಅಂದ್ರೆ ಹೆದರೋ ವಸ್ತುವಲ್ಲ, ಬಿಚ್ಚಿ ನೋಡಬಹುದು ಅನ್ನೋ ಧೈರ್ಯ ಬಿಇ ಸೀಟಿಗಿಂತ ಎಷ್ಟೋ ಮೊದಲು ಸಿಕ್ಕಿದ್ದು ಅಲ್ಲಿ. ಹೊಸ ಗಾಡಿಗಳ ಎಲೆಕ್ಟ್ರಾನಿಕ್ಸ್‌ನಲ್ಲಿ ತೊಂದರೆ ಹುಡುಕೋಕೆ ಸ್ಕ್ಯಾನರ್ ಬೇಕು. ದಿನಾ ಕೋಡ್ ಬರೆಯೋ ನನಗೇ ಅದರೊಳಗಿನ ಕೋಡ್ ನೋಡೋಕೆ ದಾರಿಯಿಲ್ಲ.

2028ಕ್ಕೆ ಮೊದಲ ರೋಡ್‌ಕಿಂಗ್‌ಗಳಿಗೆ 50 ತುಂಬತ್ತೆ. ಕೇಂದ್ರ ಸರ್ಕಾರದ 2021ರ ನಿಯಮದಂತೆ, ಮೂಲರೂಪದಲ್ಲಿರೋ ಅಷ್ಟು ಹಳೇ ಗಾಡಿಯನ್ನ ವಿಂಟೇಜ್ ಅಂತ ನೋಂದಾಯಿಸಬಹುದು. ಆದ್ರೆ ಆಮೇಲೆ ಅದನ್ನ ದಿನಾ ರಸ್ತೇಲಿ ಓಡಿಸೋ ಹಾಗಿಲ್ಲ. ಬೆಲೆ ಏರಬಹುದೇನೋ. ಆದ್ರೆ ಬಟ್ಟೆ ಹೊದ್ದು ಮೂಲೇಲಿ ನಿಂತ ರೋಡ್‌ಕಿಂಗ್ ನನ್ನ ಲೆಕ್ಕದಲ್ಲಿ ಸೋತ ಗಾಡಿ. ಅದರ ಆಕರ್ಷಣೆ ಇರೋದು ಬಿಚ್ಚಿ ಜೋಡಿಸೋ ಕೈಗಳು ಇರೋವರೆಗೆ ಮಾತ್ರ. ನಮ್ಮ ಮೆಕ್ಯಾನಿಕ್ ಸಾಹೇಬರಿಗೆ ಅರವತ್ತು ದಾಟಿದೆ, ಕೆಲಸ ಕಲಿಯೋಕೆ ಹುಡುಗರು ಬರ್ತಿಲ್ಲ.

ಆ ಹುಡುಗನಿಗೆ ಅವತ್ತು ಉತ್ತರ ಹೇಳಲಿಲ್ಲ, ಮುಂದಿನ ಭಾನುವಾರ ಮನೆಗೆ ಬಾ ಅಂದೆ. ಮೊದಲು ಕಾರ್ಬುರೇಟರ್ ಬಿಚ್ಚೋದು, ಆಮೇಲೆ ಸವಾರಿ.